ಅವರು ಅರ್ಧಕ್ಕೆ ಬಿಟ್ಟ ಕುರಿಯ ಕಥೆ

ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಅವರದೇ ನೌಕರಿ ಸಿಕ್ಕಿತು. ಹುಮನಾಬಾದಿನ ಗ್ರಂಥಾಲಯದ ಮಕ್ಕಳ ವಿಭಾಗ. ಬಸವಕಲ್ಯಾಣದ ಮನೆಯಿಂದ ಅವರು ಹೋಗುತ್ತಿದ್ದ ಬಸ್ಸಿಗೇ ನಾನೂ ಹೋಗತೊಡಗಿದೆ. ಮೊದಲ ದಿನ ಅವರ ಕುರ್ಚಿಯಲ್ಲಿ ಕೂತಾಗ ಅಳು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಕುರ್ಚಿಯ ಒಂದು ಕಾಲು ಗಿಡ್ಡ ಇತ್ತು, ಅದರ ಕೆಳಗೆ ರಟ್ಟು ಮಡಚಿ ಇಟ್ಟಿದ್ದರು. ಅದಷ್ಟೇ ಕಣ್ಣಿಗೆ ಬಿತ್ತು.

ಕೆಲಸ ಕಷ್ಟದ್ದಲ್ಲ. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವುದು, ಹರಿದ ಹಾಳೆಗೆ ಟೇಪು ಹಚ್ಚುವುದು, ಮಕ್ಕಳು ಒಯ್ದದ್ದನ್ನು ರಿಜಿಸ್ಟರಿನಲ್ಲಿ ಬರೆಯುವುದು. ಕೈ ತಾನಾಗಿ ಮಾಡುತ್ತಿತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಏನು ತಂದಿದ್ದೆ ಎಂದು ಕೇಳಿದರೆ ಉಂಡ ಮೇಲೂ ಹೇಳಲು ಬರುತ್ತಿರಲಿಲ್ಲ.

ಆ ವಾರದ ಶನಿವಾರ ಶಾಲೆ ಬಿಟ್ಟ ಮೇಲೆ ಹತ್ತು-ಹನ್ನೆರಡು ಮಕ್ಕಳು ಬಂದರು. ಪುಸ್ತಕ ಕೇಳಲಿಲ್ಲ. ಮೂಲೆಯಲ್ಲಿದ್ದ ಚಾಪೆ ಹಾಸಿಕೊಂಡು ನನ್ನೆದುರು ಕೂತರು. ಮುಂದೆ ಕೂತ ಹುಡುಗಿ ನಿರ್ಣಾ ಊರಿನ ಕುರಿ ಕಾಯುವವರ ಮಗಳು; ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಆರನೇ ಇಯತ್ತೆ ಓದುತ್ತಿದ್ದಳು.

"ಮೇಡಂ, ಇವತ್ತ ಶನಿವಾರ ಅದರಿ," ಅಂದಳು. "ಸರ್ ಕಥಿ ಹೇಳ್ತಿದ್ರು."

"ಯಾವ ಪುಸ್ತಕದ್ದು?"

"ಪುಸ್ತಕದ್ದಲ್ರಿ. ಅವರೇ ಕಟ್ಟಿ ಹೇಳ್ತಿದ್ರು. ಅರ್ಧಕ್ಕ ನಿಂತದ."

ಹದಿನಾಲ್ಕು ವರ್ಷ ಅವರ ಜೊತೆ ಸಂಸಾರ ಮಾಡಿದವಳು ನಾನು. ಇನ್ನೊಂದಿಷ್ಟು ಚಹಾ ಬೇಕಾದರೆ ಅವರು ಬಾಯಿ ಬಿಡದೆ ಕಪ್ಪು ಮುಂದಕ್ಕೆ ಸರಿಸುತ್ತಿದ್ದರು.

"ನನಗ ಗೊತ್ತಿಲ್ಲವ್ವಾ. ಆ ಕಥಿ ನನಗ ಹೇಳೇ ಇಲ್ಲ."

ಅವಳು ಚಾಪೆಯ ಮೇಲೆ ಇನ್ನಷ್ಟು ಮುಂದೆ ಸರಿದಳು. "ಹಂಗಾದ್ರ ನಾವ ಹೇಳ್ತೇವ್ರಿ. ನೀವು ಕೇಳ್ರಿ."

ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತ ಹೇಳಿದರು. ಹಿಂಡು ತಪ್ಪಿದ ಕುರಿಯೊಂದು ಹುಲಸೂರದ ಬಸ್ಸು ಹತ್ತುತ್ತದೆ. ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿಯುತ್ತದೆ. ಅರ್ಧ ಟಿಕೆಟ್ಟು ಕೊಡಬೇಕೋ ಪೂರ್ತಿಯೋ ತಿಳಿಯದೆ ಕಂಡಕ್ಟರ್ ಬಸ್ಸಿನವರನ್ನೆಲ್ಲ ಕೇಳುತ್ತಾನೆ. ಸರ್ ಕುರಿಯ ಹಾಗೆ ಹೇಗೆ ಒದರುತ್ತಿದ್ದರೆಂದು ಹುಡುಗಿ ಒದರಿ ತೋರಿಸಿದಳು. ಎಲ್ಲರೂ ನಕ್ಕರು. ನನ್ನೊಳಗೆ ಏನೂ ಕದಲಲಿಲ್ಲ. ಇವರು ಬೇರೆ ಯಾರದೋ ಗಂಡನ ಸಂಗತಿ ಹೇಳುತ್ತಿದ್ದಾರೆ ಅನ್ನಿಸಿತು.

"ಬಸ್ ಬಸವಕಲ್ಯಾಣದಾಗ ನಿಂತದ್ರಿ. ಮುಂದಿಂದು ಬರೋ ವಾರ ಅಂದಿದ್ರು."

"ಮುಂದಿಂದು ನೀನ ಹೇಳು," ಅಂದೆ.

ಅವಳು ಬಹಳ ಯೋಚಿಸಲಿಲ್ಲ. "ಕುರಿಗಿ ನಿದ್ದಿ ಹತ್ತಿರ್ತದ್ರಿ. ಹುಲಸೂರದಾಗ ಎಚ್ಚರ ಆಗ್ತದ. ಇಳಿದು ಮೇಯ್ಲಾಕ ಹೋಗ್ತದ. ಮುಗೀತು."

"ಇಷ್ಟೇ ಏನು?" ಹಿಂದಿನಿಂದ ಯಾರೋ ಕೇಳಿದರು.

"ಕುರಿಗಿ ಅಷ್ಟ ಸಾಕು."

ಮಕ್ಕಳು ಒಂದೊಂದು ಪುಸ್ತಕ ಬರೆಸಿಕೊಂಡು ಹೋದರು. ನಾನು ಚಾಪೆ ಸುತ್ತಿಟ್ಟೆ.

ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯನ್ನು ಕೇಳಿದೆ. "ಅವರು ಸಣ್ಣವರಿದ್ದಾಗ ಕಥಿ ಹೇಳ್ತಿದ್ರೇನ್ರಿ?"

"ಅವನಾ? ಬಾಯೇ ಬಿಡ್ತಿದ್ದಿಲ್ಲ," ಅಂದರು. ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿದರು. "ಯಾಕ ಕೇಳಾಕತ್ತಿ?"

ಕುರಿಯ ಕಥೆ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತುವುದು ಕಂಡು ನಾನು ತಿರುವಿ ಹಾಕಿದೆ.

ಈಗ ಶನಿವಾರದ ಕಥೆಗಳನ್ನು ಆ ಹುಡುಗಿಯೇ ಕಟ್ಟುತ್ತಾಳೆ. ನಾನು ಬಾಗಿಲ ಬಳಿ ಕೂತು ಕೇಳುತ್ತೇನೆ. ಮಕ್ಕಳು ನಕ್ಕಾಗ ನಾನೂ ನಗುತ್ತೇನೆ, ಅವರಿಗಿಂತ ಸ್ವಲ್ಪ ತಡವಾಗಿ.