ಹೇಳಿದವಳು ಅವಳು, ಬರೆದವಳು ನಾನು

ಹೊಲಿಗೆ ಮೆಶಿನ್ನು ನಿಲ್ಲುವ ಸದ್ದು ನನಗೆ ಈಗಲೂ ಚೆನ್ನಾಗಿ ನೆನಪಿದೆ. ಕಟಕಟ ಓಡುತ್ತಿದ್ದದ್ದು ನಿಧಾನವಾಗಿ, ಟಕ್, ಟಕ್, ಆಮೇಲೆ ಏನೂ ಇಲ್ಲ. ಶಿರಸಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಾಗಾದರೆ ನಾನು ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಿದ್ದೆ. ಸಿನಿಮಾ ಚೆನ್ನಾಗಿದೆ ಎಂದು ಅರ್ಥ.

ಆ ಕೋಣೆಯನ್ನು ಬಾಡಿಗೆಗೆ ಹಿಡಿದು ಬ್ಲೌಸು ಹೊಲಿಯುತ್ತಿದ್ದವಳು ನನಗಿಂತ ಹತ್ತು ವರ್ಷ ಚಿಕ್ಕವಳು. ತವರು ಯಲ್ಲಾಪುರ, ಅಣ್ಣತಮ್ಮಂದಿರದು ಲಾರಿ. ನಾನು ಇಂಗ್ಲಿಷ್ ಕಲಿಸಿ ರಿಟೈರ್ ಆದವಳು, ಹಾಗಾಗಿ ಅವಳ ಬಾಯಲ್ಲಿ 'ಅಕ್ಕೋರು'.

ರಿವ್ಯೂ ಬರೆಯುವ ಹುಚ್ಚು ನನಗೆ ಹತ್ತಿದ್ದು ಆಕಸ್ಮಿಕ. ಹಳೆಯ ಸ್ಟೂಡೆಂಟ್ ಒಬ್ಬಳು ಒಂದು ಇಂಗ್ಲಿಷ್ ವೆಬ್ ಪತ್ರಿಕೆ ನಡೆಸುತ್ತಾಳೆ. ಕಂಪನಿಗಳ ಹಂಗಿಲ್ಲದೆ ಮನೆಯಲ್ಲೇ ಹಾಡಿ ಬಿಡುವವರ ಆಲ್ಬಮ್ಮು, ಥಿಯೇಟರಿನಲ್ಲಿ ಒಂದು ವಾರವೂ ಓಡದೆ ಈಗ ಹುಡುಗರು ಡೈಲಾಗು ಬಾಯಿಪಾಠ ಮಾಡುವ ಕಲ್ಟ್ ಸಿನಿಮಾ, ಆನಿಮೆ ಎನ್ನುವ ಜಪಾನಿನ ಕಾರ್ಟೂನು ಸಿನಿಮಾ, ಇಂಥವುಗಳ ಬಗ್ಗೆ. ಮೊದಲು ಗ್ರಾಮರ್ ತಿದ್ದಿಕೊಡಿ ಮೇಡಂ ಎಂದಳು. ತಿದ್ದಿ ತಿದ್ದಿ ಬೇಸರ ಬಂದು ನಾನೇ ಬರೆಯತೊಡಗಿದೆ.

ಸಿನಿಮಾವನ್ನು ನಾನು ಮುಂದಿನ ಕೋಣೆಯಲ್ಲೇ ಕುಳಿತು ನೋಡುತ್ತಿದ್ದೆ, ಕಂಪನಿಗೆ. ಹೊಲಿಯುವವಳಿಗೆ ಇಂಗ್ಲಿಷ್ ಬಾರದು, ಕಣ್ಣು ಸೂಜಿಯ ಮೇಲೆ. ಸಬ್‌ಟೈಟಲ್‌ಗಳನ್ನು ನಾನು ಕನ್ನಡ ಮಾಡಿ ಓದಿ ಹೇಳಬೇಕು. ಆಗೊಮ್ಮೆ ಈಗೊಮ್ಮೆ ತಲೆಯೆತ್ತುತ್ತಿದ್ದಳು, ಅಷ್ಟೇ ಸಾಕು. ಮೂರು ದಿನ ಪೊಲೀಸರಿಂದ ತಪ್ಪಿಸಿಕೊಂಡು ಓಡಿದ ಕಳ್ಳನ ಕೋಟು ನೋಡಿ, ಇಷ್ಟು ಓಡಿದವನ ಕಂಕುಳ ಹೊಲಿಗೆ ಬಿಡಲಿಲ್ಲವಲ್ಲ, ಇವನು ಓಡೇ ಇಲ್ಲ ಎಂದಳು. ಮರುದಿನ ನನ್ನ ರಿವ್ಯೂ ಆ ಮಾತಿನಿಂದಲೇ ಶುರುವಾಯಿತು. ಎಡಿಟರ್ ಹುಡುಗಿ 'ಬ್ರಿಲಿಯಂಟ್' ಎಂದು ಬರೆದಳು. ನಾನು ಥ್ಯಾಂಕ್ಯೂ ಎಂದೆ. ಕೆಳಗೆ ಇದ್ದದ್ದು ನನ್ನೊಬ್ಬಳ ಹೆಸರು.

ಹೀಗೇ ನಡೆಯಿತು, ಒಂದೂವರೆ ವರ್ಷ.

ಆಮೇಲೆ ಸಿದ್ದಾಪುರದ ಕಡೆಯ ಒಬ್ಬ ಹೆಣ್ಣುಮಗಳ ಆಲ್ಬಮ್ ಬಂತು. ಮನ್ಮನೆ ಎಂಬ ಹಳ್ಳಿಯಲ್ಲಿ ಗಂಡನ ಮನೆ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿದ ಏಳು ಹಾಡು, ಜೊತೆಗೆ ಒಂದು ಗಿಟಾರ್. ನಾನು 'ಮಿನಿಮಲಿಸ್ಟ್' ಎಂದೇನೋ ಗೀಚಿಕೊಳ್ಳುತ್ತಿದ್ದೆ. ಹೊಲಿಯುವವಳು ದಾರ ಕಚ್ಚಿ ತುಂಡು ಮಾಡುತ್ತ ಹೇಳಿದಳು: "ಇದು ಹಾಡೂದಲ್ರಿ ಅಕ್ಕೋರೆ. ಮನೇಲಿ ಯಾರೋ ಮಲಗ್ಯಾರೆ. ಅವ್ರಿಗೆ ಎಚ್ಚರ ಆಗಬಾರ್ದು ಅಂತ ಗುನುಗ್ತಾ ಅದಾಳೆ."

ಅದನ್ನೂ ಬರೆದೆ. ಹದಿನೈದು ದಿನಕ್ಕೆ ಆ ಹೆಣ್ಣುಮಗಳೇ ಬಸ್ಸು ಹತ್ತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಎಲ್ಲರೂ ನನ್ನ ದನಿ ವೀಕ್ ಅಂದರು, ನೀವೊಬ್ಬರೇ ಕಾರಣ ಕೇಳಿಸಿಕೊಂಡಿರಿ ಎಂದು ಕಣ್ಣು ತುಂಬಿಕೊಂಡಳು. "ಮಧ್ಯಾಹ್ನ ಕೂಸು ಮಲಗಿದಾಗಷ್ಟೇ ಹಾಡದು. ಅದು ನಿಮಗೆ ಹ್ಯಾಂಗೆ ಗೊತ್ತಾತು ಮೇಡಂ?"

ಹೊಲಿಯುವವಳು ಅಲ್ಲೇ, ಬಾಗಿಲ ಹತ್ತಿರ, ಹುಕ್ಕು ಹಚ್ಚುತ್ತ ಕುಳಿತಿದ್ದಳು. ಒಂದು ಬೆರಳು ತೋರಿಸಿದ್ದರೆ ಆಗಿತ್ತು. ನಾನು "ಎಕ್ಸ್‌ಪೀರಿಯನ್ಸ್" ಎಂದೆ.

ಬಂದವಳು ಹೋದ ಮೇಲೆ ಇವಳು ಬಟ್ಟೆಯಿಂದ ಮುಖ ಎತ್ತದೆ ಹೇಳಿದಳು, "ಅಕ್ಕೋರ ಕಿವಿ ಭಾಳ ಚಲೋ ಅದೆ." ಅಷ್ಟೇ. ಸಂಜೆ ಎಂದಿನಂತೆ ಚಹಾ ಕುಡಿಯಲು ಒಳಗೆ ಬರಲಿಲ್ಲ.

ಕಾನ್ವೆಂಟಿನಲ್ಲಿ ಕಲಿಸುವಾಗ ಕನ್ಫೆಷನ್ ಎಂದರೇನೆಂದು ದೂರದಿಂದ ನೋಡಿದ್ದೆ, ಮಾಡಿರಲಿಲ್ಲ. ಮೂರು ದಿನ ತಡೆದು ಎಡಿಟರಿಗೆ ಉದ್ದದ ಈಮೇಲ್ ಬರೆದೆ, ಮನ್ಮನೆಯವಳಿಗೂ ಫೋನು ಮಾಡಿ ನಿಜ ಹೇಳಿದೆ. ಎಡಿಟರ್ ಧಾರಾಳವಾಗಿ ಒಪ್ಪಿದಳು: ಹಳೆಯ ಎಲ್ಲದಕ್ಕೂ ಇಬ್ಬರ ಹೆಸರು ಹಾಕೋಣ. ಖುಷಿಯಿಂದ ಮುಂದಿನ ಕೋಣೆಗೆ ಹೋಗಿ ತಿಳಿಸಿದರೆ ಇವಳು ಒಪ್ಪಲಿಲ್ಲ.

"ನನ್ನ ಹೆಸರ ಮ್ಯಾಲೆ ಎಂತ ಬರ್ದೀರಿ ಅಂತ ನಂಗೆ ಗೊತ್ತಾಗಬೇಕಲ್ರಿ. ಓದಿ ಹೇಳ್ರಿ ಮೊದ್ಲು."

ಓದಿದೆ, ಒಂದೊಂದೇ ರಿವ್ಯೂ ಕನ್ನಡ ಮಾಡಿ. ನನ್ನ ಎರಡನೆಯ ತಪ್ಪು ಬೆಳಕಿಗೆ ಬಂದದ್ದು ಆಗ. ಮನೆಗೆ ಬಂದವರು ಹಾಡಿದರೆ ಕೆಟ್ಟದಾಗಿದೆ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಶ್ರುತಿ ಎಲ್ಲೋ ಹೋಗಿದ್ದರೂ ತಲೆದೂಗಿ ಕಾಫಿ ಕೊಟ್ಟು ಕಳಿಸುತ್ತೇವೆ. ಅದೇ ಅಭ್ಯಾಸದಲ್ಲಿ, ಅವಳು ಚಲೋ ಇಲ್ಲ ಎಂದಲ್ಲೆಲ್ಲ ನಾನು 'ಪ್ರಾಮಿಸಿಂಗ್' ಎಂದು ಬರೆದಿದ್ದೆ. ಲೈಟ್‌ಹೌಸ್ ಕಾಯುವ ಅಜ್ಜಿಯ ಆನಿಮೆಗೆ ನಾಲ್ಕು ಸ್ಟಾರ್ ಕೊಟ್ಟಿದ್ದೆ. ಅವಳು ಅದಕ್ಕೆ ಒಂದು ಸ್ಟಾರೂ ಕೊಡುವವಳಲ್ಲ. ಆ ಅಜ್ಜಿ ಇಡೀ ಸಿನಿಮಾದಲ್ಲಿ ಒಮ್ಮೆಯೂ ಸೊಂಟ ಹಿಡಿದುಕೊಳ್ಳಲಿಲ್ಲವಂತೆ.

"ಮಾತು ಕದ್ದಿದ್ದು ಹೋಗ್ಲಿ," ಎಂದಳು. "ಕದ್ದ ಮೇಲೆ ಸಕ್ಕರೆ ಎಂತಕ್ಕೆ ಹಾಕಿದ್ರಿ?"

ಒಂದು ತಿಂಗಳು ಕುಳಿತು ಎಲ್ಲವನ್ನೂ ಮತ್ತೆ ಬರೆದೆವು. ಅವಳದು ಅವಳ ಹೆಸರಿನ ಕೆಳಗೆ, ನನ್ನದು ನನ್ನ ಹೆಸರಿನ ಕೆಳಗೆ. ಬೇರೆ ಬೇರೆ ಮಾಡಿದಾಗ ನನ್ನ ಪಾಲಿಗೆ ಉಳಿದದ್ದು ಸ್ವಲ್ಪವೇ. ನೋಡಿ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಓದುವವರಿಗೆ ನಮ್ಮಿಬ್ಬರ ಜಗಳವೇ ಹೆಚ್ಚು ಹಿಡಿಸಿತು.

ತನ್ನ ಅಕ್ಕನ ಮೊಣಕಾಲಿನ ಆಪರೇಷನ್ ಎಂದು ಅವಳು ಕೋಣೆ ಬಿಟ್ಟು ಯಲ್ಲಾಪುರಕ್ಕೆ ಹೋದಳು. ಆಮೇಲೆ ಫೋನಿನಲ್ಲೇ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಹೋದ ಮಾರ್ಗಶಿರದಲ್ಲಿ ಲ್ಯಾಪ್‌ಟಾಪ್ ಹೊತ್ತು ನಾನೇ ಹೋದೆ; ಅವಳನ್ನು ಕೊನೆಯ ಸಲ ನೋಡಿದ್ದು ಆಗಲೇ. ಅಕ್ಕನ ಮಂಚದ ಪಕ್ಕ ಕುಳಿತು ಹಳೆಯ ಸಿನಿಮಾ ಒಂದನ್ನು ನೋಡಿದೆವು. ಕೊನೆಯಲ್ಲಿ ನಾನು ಅತ್ತೆ. ಅವಳಿಗೆ ಏನೂ ಅನ್ನಿಸಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ವಾದ ಮಾಡುತ್ತಲೇ ಬಂದಳು. ತುಂಬಾ ತೆಳ್ಳಗಾಗಿದ್ದಳು, ನಡುವೆ ಎರಡು ಸಲ ನಿಂತು ಉಸಿರು ಸುಧಾರಿಸಿಕೊಂಡಳು. ಕಾರಣ ಕೇಳಿದರೆ ಮಾತು ತಿರುಗಿಸಿದಳು. ನಾನು ಕಿಟಕಿಯ ಪಕ್ಕದ ಸೀಟು ಹಿಡಿದ ಮೇಲೆ ಕೆಳಗೆ ನಿಂತು, "ನನ್ನ ಹೆಸರಿನ ಕೆಳಗೆ ಅಳೂದು ಬರೀಬೇಡ್ರಿ," ಎಂದಳು. ಇಲ್ಲ ಮಾರಾಯ್ತಿ ಎಂದೆ. ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಸೆರಗು ಸರಿಪಡಿಸಿಕೊಳ್ಳುತ್ತ ಇನ್ನೂ ಏನೋ ಹೇಳುತ್ತಿದ್ದಳು, ಬಹುಶಃ ಆ ಸಿನಿಮಾದ ಬಗ್ಗೆಯೇ. ನಾನು ಗಾಜು ಸರಿಸುವಷ್ಟರಲ್ಲಿ ಬಸ್ಸು ರಸ್ತೆಗೆ ಬಂದಿತ್ತು.