ಸರ್ಫರಾಜ್ ಹಾಕದ ಸಹಿ

ಬ್ಯಾಟರಾಯನಪುರದ ನಮ್ಮ ಬಡಾವಣೆಗೆ ಇಪ್ಪತ್ತೆರಡು ವರ್ಷ ನೀರು ಹರಿಸಿದವನು ಸರ್ಫರಾಜ್. ಬೋರ್‌ವೆಲ್ ಮೋಟಾರು ಕೆಟ್ಟರೆ ಪೈಪಿಗೆ ಕಿವಿಯಿಟ್ಟೇ ರೋಗ ಹೇಳುತ್ತಿದ್ದ. "ನಿಮ್ಮ ಮೋಟಾರು ನಿಮ್ಮಂಗೇ ಮಹಾಲಿಂಗಣ್ಣ. ಸದ್ದು ಜಾಸ್ತಿ, ನೀರು ಕಮ್ಮಿ" ಎಂದು ನನ್ನ ಮುಖಕ್ಕೇ ಅನ್ನುವಷ್ಟು ಸಲುಗೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಪಹಣಿ, ಕ್ರಯಪತ್ರ ಓದಿ ಓದಿಯೇ ಬರೆಯಲು ಕಲಿತವನು. ಇಲ್ಲಿಯ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಆಗಬೇಕು. ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಸರ್ಫರಾಜ್ ಕೈಗೆ ಪಟ್ಟಿ ಕಟ್ಟಿಕೊಂಡು ಬಂದ. ಹೊರಗಿನ ಇಬ್ಬರು ಅವನ ಮಸೀದಿಯ ಹುಡುಗರನ್ನು ಗುಂಪು ಕಟ್ಟಿಕೊಂಡು, ಈ ದೇಶದ ಕೋರ್ಟಿಗೆ ಹೋಗುವವನು ಮುಸಲ್ಮಾನನೇ ಅಲ್ಲ, ಒಪ್ಪದವರನ್ನು ಕೊಂದರೂ ಪಾಪವಿಲ್ಲ ಎಂದು ತಲೆ ತುಂಬುತ್ತಿದ್ದರಂತೆ. ಶುಕ್ರವಾರ ನಮಾಜು ಮುಗಿದ ಮೇಲೆ ಇವನು ಎದ್ದು ನಿಂತು, "ನನ್ನ ಮಗಳಿಗೆ ಜೀವನಾಂಶ ಕೊಡಿಸಿದ್ದು ಅದೇ ಕೋರ್ಟು. ಅಲ್ಲಾಹನ ಹೆಸರಲ್ಲಿ ಕೊಲೆ ಕಲಿಸೋರು ಇಲ್ಲಿಂದ ಎದ್ದೋಗಿ" ಎಂದಿದ್ದ. ಅದಕ್ಕೇ ಬೆರಳು ಮುರಿದಿದ್ದರು. ಹೊಡೆದವರಲ್ಲಿ ಸ್ವಂತ ಅಣ್ಣನ ಮಗನೂ ಇದ್ದ. "ಅವನ ಹೆಸರೂ ಬರೀರಿ ಅಣ್ಣಾ" ಎಂದ ಸರ್ಫರಾಜ್. ಪೊಲೀಸರಿಗೆ ಕೊಟ್ಟ ಆ ದೂರನ್ನು ಬರೆದವನು ನಾನೇ. ಬಡಾವಣೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷ ಎಲ್ಲೋ ದೂರದಲ್ಲಿ ಉಗ್ರರು ಬಸ್ಸಿನಲ್ಲಿದ್ದವರನ್ನು ಕೊಂದರು. ಆ ಭಾನುವಾರ ಬಡಾವಣೆಯ ಸಂಘದ ಸಭೆ. ಕಾರ್ಯದರ್ಶಿ ಶಿವಪ್ರಕಾಶ ಎದ್ದ. "ಮನೆಮನೆಗೆ ಬರೋನು ಎಂಥೋನು ಅಂತ ಗೊತ್ತಿರ್ಬೇಕಲ್ವಾ? ಉಗ್ರವಾದ ಖಂಡಿಸ್ತೀನಿ, ಈ ದೇಶದ ಕಾನೂನೇ ನನಗೆ ದೊಡ್ಡದು ಅಂತ ಸರ್ಫರಾಜ್ ಸಹಿ ಹಾಕ್ಲಿ. ಇಲ್ಲಾಂದ್ರೆ ಬೇರೆ ಮೆಕ್ಯಾನಿಕ್ ನೋಡೋಣ. ಬರೆಯೋಕೆ ಮಹಾಲಿಂಗಪ್ಪನೋರು ಇದ್ದಾರೆ. ಅವರ ಅಕ್ಷರ ಮುತ್ತು ಕಣ್ರೀ!"

ಚಪ್ಪಾಳೆ ಬಿತ್ತು. ಉಬ್ಬಿಹೋದೆ. ಬರೆದೆ.

ಸರ್ಫರಾಜನನ್ನು ಕರೆಸಿದರು. ನಿಂತೇ ಓದಿದ. ಅಕ್ಷರ ಗುರುತಾಗಿ ನನ್ನ ಕಡೆ ನೋಡಿದ. ಆ ದೂರಿನ ಬಗ್ಗೆ ನಾನು ಒಂದು ಮಾತಾಡಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಬಾಯಲ್ಲಿ ಕಡುಬು ಇಟ್ಟುಕೊಂಡವನ ಹಾಗೆ ಕೂತಿದ್ದೆ.

"ಇದ್ರಲ್ಲಿ ಸುಳ್ಳು ಒಂದೂ ಇಲ್ಲ ಸ್ವಾಮಿ" ಎಂದ ಶಿವಪ್ರಕಾಶನಿಗೆ. "ನೀವೆಲ್ಲಾ ಮೊದ್ಲು ಹಾಕಿ. ಕೊನೇಲಿ ನಾನೂ ಹಾಕ್ತೀನಿ."

"ನಾವ್ಯಾಕ್ರೀ ಹಾಕ್ಬೇಕು?"

"ನಾನ್ಯಾಕೆ ಅಂತ ನಾನೂ ಕೇಳ್ಬೋದಲ್ವಾ?"

ಪಂಪ್‌ಹೌಸಿನ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದ.

ಮೂರನೆಯ ದಿನ ಅವನ ಮೋಟಾರು ರಿಪೇರಿ ಅಂಗಡಿಗೆ ಹೋದೆ. "ಮುಂದಿನ ಸಭೇಲಿ ಆ ಕಂಪ್ಲೇಂಟ್ ವಿಷ್ಯ ಹೇಳ್ತೀನಿ ಕಣಪ್ಪಾ. ನೀನು ಎಂಥೋನು ಅಂತ ಎಲ್ರಿಗೂ ಗೊತ್ತಾಗ್ಲಿ."

ತಾಮ್ರದ ತಂತಿ ಸುತ್ತುತ್ತಿದ್ದ ಕೈ ನಿಲ್ಲಲಿಲ್ಲ. "ಬೇಡಣ್ಣಾ. ಆಗ ನಾನು ಒಳ್ಳೇ ಸಾಬ್ರು ಆಗ್ತೀನಿ. ಬೆರಳು ಮುರಿಸ್ಕೊಳ್ದೇ ಇರೋ ಪಕ್ಕದ ಪಂಕ್ಚರ್ ಅಂಗಡಿಯೋನು ಏನಾಗ್ತಾನೆ?"

ಬಾಯಿ ಬಿಡದೆ ಕೂತಿದ್ದೊಂದೇ ನನ್ನ ತಪ್ಪು ಎಂದುಕೊಂಡಿದ್ದೆ. ಕಾಗದಕ್ಕೆ ಪೆನ್ನು ಇಟ್ಟಾಗಲೇ ತಪ್ಪಾಗಿತ್ತು. ಕೊಲ್ಲು ಎನ್ನುವವರಿಗೆ ಎದುರು ನಿಂತವನು ಅವನೊಬ್ಬ; ಅವನನ್ನೇ ನಾವು ಕಟಕಟೆಗೆ ಹತ್ತಿಸಿದ್ದೆವು.

ಅಲ್ಲಿಂದ ನೇರ ಶಿವಪ್ರಕಾಶನ ಮನೆಗೆ ಹೋಗಿ ಕಾಗದ ವಾಪಸು ಕೇಳಿದೆ.

"ಅಯ್ಯೋ, ಯಾಕೆ ಯಜಮಾನ್ರೇ? ಎಷ್ಟು ಚೆನ್ನಾಗಿ ಬರ್ದಿದೀರ!" ಎಂದ ಅವನು ನಗುತ್ತ. "ಪಕ್ಕದ ಬಡಾವಣೆಯೋರೂ ಹತ್ತು ಜೆರಾಕ್ಸ್ ಮಾಡಿಸ್ಕೊಂಡು ಹೋದ್ರು."