ಮೈಕಿಗೆ ಮಾತ್ರ ಭಲೇ ಎಂದವಳು

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಗಾದೆ ಕಟ್ಟಿದವರು ನಮ್ಮವ್ವ ಹೊನ್ನೂರಮ್ಮನನ್ನು ನೋಡಿರಲಿಕ್ಕಿಲ್ಲ. ಕರೂರಿನ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಟೀಚರ್ ಆಗಿರುವ ಅವ್ವ ಈವರೆಗೆ ಒಂದು ಮಗುವಿನ ಮುಖ ನೋಡಿ ‘ಚೆಂದ ಮಾಡಿದಿ’ ಎಂದವಳಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ, ದೃಷ್ಟಿಯಾದರೆ ಜ್ವರ ಬರುತ್ತದೆ ಎಂಬುದು ಅವಳ ವೈದ್ಯಶಾಸ್ತ್ರ. ಆ ಶಾಸ್ತ್ರಕ್ಕೆ ಮೊದಲ ಬಲಿ ನಾನು, ಅವಳ ಒಬ್ಬಳೇ ಮಗಳು ಅರುಣಾ.

ನಾನು ಸಿರುಗುಪ್ಪದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಬಳ್ಳಾರಿಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದ ದಿನ ಅವ್ವ ಚಿತ್ರದ ಸುದ್ದಿಯೇ ಎತ್ತದೆ, ಬಹುಮಾನದ ಕಪ್ಪನ್ನು ಉಗುರಿನಿಂದ ಕೆರೆದು, “ಹಿತ್ತಾಳಿ ಅಲ್ಲೇ ಹುಚ್ಚಿ, ಬಣ್ಣ ಹಚ್ಯಾರ” ಎಂದಳು. ನನಗೀಗ ಮೂವತ್ನಾಲ್ಕು. ನನ್ನ ಚಿತ್ರಕ್ಕೆ ಅವ್ವನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂಬ ಆಸೆಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ಹೋದ ವರ್ಷ ಬಳ್ಳಾರಿಯ ಒಂದು ಸಂಸ್ಥೆಯವರು ಅಂಗನವಾಡಿ ಮಕ್ಕಳಿಗೆಂದು ಚಿತ್ರ ಬರೆಯುವ ಸಾಫ್ಟ್‌ವೇರ್ ಮಾಡಿದರು. ಮಗು ಟ್ಯಾಬ್ ಮೇಲೆ ಬೆರಳಿನಿಂದ ಬರೆದು ಹಸಿರು ಗುಂಡಿ ಒತ್ತಿದರೆ ಒಂದು ದನಿ ಹೊಗಳಬೇಕು. ದನಿ ಈ ಕಡೆಯದೇ ಆಗಬೇಕಂತೆ. ಗದ್ದೆಯಾಚೆ ನಿಂತ ಮಕ್ಕಳನ್ನೂ ಕೂತಲ್ಲಿಂದಲೇ ಕರೆಯುವ ಗಂಟಲು ಕೇಳಿ ಅವ್ವನನ್ನೇ ಆರಿಸಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅವಳ ಜೊತೆ ಬಳ್ಳಾರಿಗೆ ನಾನೂ ಹೋದೆ. “ಮಕ್ಕಳನ್ನ ಮುಖದ ಮ್ಯಾಲೆ ಹೊಗಳಬಾರದ್ರಿ” ಎಂದು ಅವ್ವ ಹಟ ಹಿಡಿದಳು. ರೆಕಾರ್ಡಿಂಗ್ ಮಾಡುವ ಹುಲಿಗೇಶ್ ಜಾಣ. “ಅಮ್ಮಾ, ಇಲ್ಲಿ ಮಕ್ಕಳು ಎಲ್ಲಿ ಅದಾರ್ರಿ? ಬರೇ ಮೈಕ್ ಐತಿ. ಅದಕ್ಕ ಜ್ವರ ಬರಂಗಿಲ್ಲ” ಎಂದ. ಅವ್ವ ಒಪ್ಪಿದಳು. ಆಮೇಲೆ ನೋಡಬೇಕಿತ್ತು! “ಭಲೇ ನನ್ನ ಬಂಗಾರ! ಎಷ್ಟು ಚೆಂದ ಬರದೀಯವ್ವ!” ಎಂದು ಆ ಕಬ್ಬಿಣದ ತುಂಡನ್ನು ಮುದ್ದು ಮಾಡಿದಳು. ಹೊಟ್ಟೆಯಲ್ಲಿ ಹುಟ್ಟಿದವಳು ಎದುರಿಗೇ ಕೂತಿದ್ದೆ. ಮೈಯೆಲ್ಲ ಉರಿದುಹೋಯಿತು. ಪ್ರತಿ ಹೊಗಳಿಕೆಯ ಕೊನೆಗೂ ಅವ್ವ ರೂಢಿಯಂತೆ “ಥೂ ಥೂ” ಎಂದು ದೃಷ್ಟಿ ತೆಗೆದಳು. ಹುಲಿಗೇಶ್ ಅವನ್ನೆಲ್ಲ ಕತ್ತರಿಸಿದ. ಒಂದು ಮಾತ್ರ ಕಣ್ತಪ್ಪಿ ಉಳಿಯಿತು.

ಅದೊಂದೇ ಸಾಕಾಯಿತು. ಟ್ಯಾಬ್ ಥೂ ಎಂದಾಗೆಲ್ಲ ಮಕ್ಕಳೂ ವಿಧೇಯರಾಗಿ ಅದರ ಮೇಲೆ ಉಗಿದರು. ‘ಪರದೆ ಒದ್ದೆಯಾಗದಂತೆ ಎಚ್ಚರ ವಹಿಸುವುದು’ ಎಂದು ಸಂಸ್ಥೆಯಿಂದ ಪತ್ರ ಬಂತು. ತಾಯಂದಿರು ಮಾತ್ರ ಈ ಯಂತ್ರಕ್ಕೂ ನಾಲ್ಕು ಕಾಸಿನ ಬುದ್ಧಿ ಇದೆ ಎಂದು ಮೆಚ್ಚಿಕೊಂಡರು.

ಒಂದು ಭಾನುವಾರ ಅವ್ವ ಚಾರ್ಜ್ ಮಾಡಲು ಟ್ಯಾಬನ್ನು ಮನೆಗೆ ತಂದಿದ್ದಳು. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕದ್ದು ತೆರೆದೆ. ಒಂದು ಎಮ್ಮೆ ಬರೆದು ಗುಂಡಿ ಒತ್ತಿದೆ. “ಭಲೇ ನನ್ನ ಬಂಗಾರ!” ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಮತ್ತೆ ಬರೆಯೋಣವೆಂದು ಎಲ್ಲ ಅಳಿಸಿದೆ. ತಡೆಯಲಾರದೆ ಖಾಲಿ ಪರದೆಯಲ್ಲೇ ಇನ್ನೊಮ್ಮೆ ಗುಂಡಿ ಒತ್ತಿದೆ. “ಭಲೇ ನನ್ನ ಬಂಗಾರ! ಎಷ್ಟು ಚೆಂದ ಬರದೀಯವ್ವ!” ಇದರ ಮನೆ ಹಾಳಾಗ!

ಸಿಟ್ಟಿನಲ್ಲೇ ಎಮ್ಮೆಯನ್ನು ಮತ್ತೆ ಗೀಚತೊಡಗಿದೆ. ಅವ್ವ ಬಂದು ಹಿಂದೆ ನಿಂತದ್ದು ಗೊತ್ತೇ ಆಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಕನ್ನಡಕ ಹಾಕಿಕೊಂಡು, ಬಗ್ಗಿ ಬಹಳ ಹೊತ್ತು ನೋಡಿದಳು.

“ಕೆಚ್ಚಲ ತುಂಬೈತಿ, ಇವತ್ತೋ ನಾಳೆಯೋ ಈಯತೈತಿ ಇದು. ಪಾಪ, ಮೂರು ಕಾಲಿನ ಮ್ಯಾಲೆ ಹೆಂಗ ನಿಂದರಬೇಕು?”

ನಾಲ್ಕನೆಯ ಕಾಲು ಹಾಕಿ ಹಸಿರು ಗುಂಡಿಗೆ ಬೆರಳು ಚಾಚಿದೆ. ಅವ್ವ ಗಪ್ಪನೆ ನನ್ನ ಕೈ ಹಿಡಿದಳು.

“ಅದನ್ನೇನು ಕೇಳ್ತಿ? ನಾ ಇಲ್ಲೇ ನಿಂತೀನಲ್ಲ. ಬಾಲ ಹಾಕು.”